ನುಸಿ, ನವೆ ಮತ್ತು ಒಂದು ಗಿನಿಪಿಗ್ಗಿನ ಚರ್ಮ

ಕಳೆದ ಮಳೆಗಾಲದ ಒಂದು ರಾತ್ರಿ ಹಾಲಿನ ಮೂಲೆಯಿಂದ ಕೀರಲು ದನಿ ಕೇಳಿ ಎದ್ದೆ. ಪುಣೆ ಕ್ಯಾಂಪಿನ ಹಳೆಯ ಕಟ್ಟಡಗಳಲ್ಲಿ ರಾತ್ರಿ ಸದ್ದಿಗೇನೂ ಬರವಿಲ್ಲ. ಅಟ್ಟದ ಹೆಗ್ಗಣ, ಕಾಂಪೌಂಡಿನ ಬೆಕ್ಕು, ಈಸ್ಟ್ ಸ್ಟ್ರೀಟಿನಿಂದ ತಡವಾಗಿ ಮರಳುವ ಬೈಕುಗಳು, ಇವೆಲ್ಲ ಅಭ್ಯಾಸವಾಗಿವೆ. ಇದು ಹಾಗಿರಲಿಲ್ಲ. ಲೈಟು ಹಾಕಿ ನೋಡಿದರೆ ಮಗಳ ಗಿನಿಪಿಗ್ ಗೂಡಿನೊಳಗೆ ಬಿದ್ದು ಒದ್ದಾಡುತ್ತಿತ್ತು. ಹಿಂಗಾಲಿನಿಂದ ಬೆನ್ನು ಕೆರೆದುಕೊಳ್ಳಲು ಹೋಗಿ, ಕೆರೆತ ತಡೆಯಲಾರದೆ, ಮೈ ಬಿಲ್ಲಿನ ಹಾಗೆ ಬಾಗಿ ಮಗುಚಿಕೊಂಡಿತ್ತು. ಅಪಸ್ಮಾರ ಅಂದುಕೊಂಡೆ. ಒಂದು ನಿಮಿಷದಲ್ಲಿ ಎದ್ದು ಏನೂ ಆಗದಂತೆ ಹುಲ್ಲು ತಿನ್ನತೊಡಗಿತು. ಮತ್ತೆ ಕೆರೆಯಿತು, ಮತ್ತೆ ಬಿತ್ತು.

ಎರಡು ಗಿನಿಪಿಗ್‌ಗಳಿದ್ದವು. ಒಂದರ ಹೆಸರು ಕಡಲೆ. ಇನ್ನೊಂದರ ಹೆಸರೇ ಹೆಸರು. ಈ ಶ್ಲೇಷೆ ಮರಾಠಿ ನೆರೆಹೊರೆಗೆ ವಿವರಿಸಿ ಹೇಳಲು ಮಗಳು ಬಹಳ ಕಷ್ಟಪಟ್ಟಿದ್ದಳು. ಈಗ ನಮ್ಮಲ್ಲಿ ಕಡಲೆ ಮಾತ್ರ ಇದೆ. ಹೆಸರು ಸತ್ತಿತು, ಆದರೆ ನವೆಯಿಂದಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಪ್ರಾಣಿ ಕೊಂಡ ಅಂಗಡಿಯಲ್ಲಿ ಕೇಳಿದಾಗ ನಾಯಿಗೆ ಹಾಕುವ ಪುಡಿ ಉದುರಿಸಿ ಅಂದರು. ಅದನ್ನು ಉದುರಿಸಿಯೂ ಆಯಿತು. ಬೆನ್ನಿನ ಕೂದಲು ಉದುರಿ, ಚರ್ಮ ಹೊಟ್ಟು ಹೊಟ್ಟಾಗಿ, ಕೆರೆದ ಕಡೆ ರಕ್ತ ಬಂದ ಮೇಲೆ, ಸಣ್ಣ ಪ್ರಾಣಿಗಳನ್ನು ನೋಡುವ ಪಶುವೈದ್ಯರೊಬ್ಬರನ್ನು ಹುಡುಕಿಕೊಂಡು ಹೋದೆವು. ಅವರು ಮೊಂಡು ಬ್ಲೇಡಿನಿಂದ ಚರ್ಮವನ್ನು ಮೆಲ್ಲಗೆ ಕೆರೆದು, ಗಾಜಿನ ಮೇಲೆ ಒಂದು ಹನಿ ಎಣ್ಣೆಯಲ್ಲಿ ಹರಡಿ, ಮೈಕ್ರೋಸ್ಕೋಪಿನಲ್ಲಿ ನೋಡಿ, "ಬಾ, ನೀನೂ ನೋಡು" ಎಂದು ಮಗಳನ್ನು ಕರೆದರು. ಅವಳ ನಂತರ ನಾನೂ ನೋಡಿದೆ. ಆಮೆಯ ಹಾಗೆ ದುಂಡಗಿನ ಒಂದು ಜೀವ, ಗಿಡ್ಡ ಕಾಲುಗಳನ್ನು ಎಣ್ಣೆಯಲ್ಲಿ ಆಡಿಸುತ್ತಿತ್ತು. "ಮೈಟ್" ಅಂದರು ಡಾಕ್ಟರು. ಮನೆಗೆ ಬರುವ ದಾರಿಯಲ್ಲಿ ಮಗಳು, "ಅಮ್ಮ, ಮೈಟ್‌ಗೆ ಕನ್ನಡದಲ್ಲಿ ಏನಂತಾರೆ?" ಎಂದಳು.

ನುಸಿ ಅಂತಾರೆ. ಮೈಮೇಲೆ ಬದುಕುವ ಸಣ್ಣ ಜೀವಗಳಿಗೆ ಕನ್ನಡ ಎಷ್ಟು ಬೇರೆಬೇರೆ ಹೆಸರಿಟ್ಟಿದೆ ನೋಡಿ. ತಲೆಯಲ್ಲಿ ಹೇನು, ಅದರ ಮೊಟ್ಟೆ ಸೀರು, ಬಟ್ಟೆಯ ಹೊಲಿಗೆಯಲ್ಲಿ ಕೂರೆ, ಹಾಸಿಗೆಯಲ್ಲಿ ತಿಗಣೆ, ಹಾರಿ ಕಚ್ಚುವುದು ಚಿಗಟ, ದನದ ಕಿವಿಯಲ್ಲಿ ಉಣ್ಣೆ. ಇದೇ ಉಣ್ಣೆ ನಮ್ಮ ಮಲೆನಾಡಿನಲ್ಲಿ ಉಣುಗು. ರೋಗದ ಕಡೆಗೆ ಬಂದರೆ ನವೆ, ತುರಿ, ಕಜ್ಜಿ, ಹುರುಕು, ಇಸುಬು. ಬರಿಗಣ್ಣಿಗೆ ಕಾಣುವುದನ್ನೆಲ್ಲ ಹೆಸರಿಟ್ಟು ವಿಂಗಡಿಸಿದ ಜನ ನುಸಿಯನ್ನು ಮಾತ್ರ ಸ್ವಲ್ಪ ಅಸ್ಪಷ್ಟವಾಗಿಯೇ ಉಳಿಸಿಕೊಂಡರು. ಹಿಟ್ಟಿನಲ್ಲಿ, ಅಕ್ಕಿಯಲ್ಲಿ ಓಡಾಡುವ ಯಾವ ಪುಡಿ ಹುಳವಾದರೂ ನುಸಿಯೇ. ಪದಕ್ಕೆ ಖಚಿತ ಅರ್ಥ ಬಂದದ್ದು ತೆಂಗಿನಿಂದ. 1998ರಲ್ಲಿ ಕೇರಳದಲ್ಲಿ ಮೊದಲು ಕಾಣಿಸಿಕೊಂಡ ತೆಂಗಿನ ನುಸಿ ಒಂದೆರಡು ವರ್ಷದಲ್ಲಿ ಕರ್ನಾಟಕದ ತೋಟಗಳಿಗೂ ಹರಡಿ, ಕಾಯಿಗಳೆಲ್ಲ ಕಂದು ಗೀರು ಬಿದ್ದು ಸೊರಗಿದಾಗ, 'ನುಸಿ ರೋಗ' ಎಂಬುದು ರೈತರ ಬಾಯಲ್ಲೂ ಪತ್ರಿಕೆಗಳಲ್ಲೂ ದಿನಬಳಕೆಯ ಮಾತಾಯಿತು. ಎಂಟು ಕಾಲಿನ ಈ ದೊಡ್ಡ ಕುಟುಂಬದಲ್ಲಿ ತೆಂಗಿನ ನುಸಿಗೆ ಮಾತ್ರ ನಾಲ್ಕೇ ಕಾಲು. ಜೇಡ, ಚೇಳು, ಉಣುಗು ಎಲ್ಲವೂ ಅದರ ನೆಂಟರೇ.

ಕಜ್ಜಿಗೆ ಒಂದು ಜೀವ ಕಾರಣ ಎನ್ನುವುದು ಈಗ ಶಾಲೆಯ ಮಕ್ಕಳಿಗೂ ಗೊತ್ತು. ಅದನ್ನು ಒಪ್ಪಿಕೊಳ್ಳಲು ವೈದ್ಯಕೀಯಕ್ಕೆ ಹಿಡಿದ ಕಾಲ ಮಾತ್ರ ವಿಚಿತ್ರವಾದದ್ದು. 1687ರಲ್ಲಿ ಇಟಲಿಯ ಜೊವಾನ್ನಿ ಕೊಸಿಮೊ ಬೊನೊಮೊ ಎಂಬ ವೈದ್ಯ, ಲಿವೊರ್ನೊ ಬಂದರಿನ ಔಷಧ ವ್ಯಾಪಾರಿ ಚೆಸ್ತೋನಿಯ ಜೊತೆ ಸೇರಿ, ಕಜ್ಜಿಯ ಗುಳ್ಳೆಯಿಂದ ತೆಗೆದ ಹುಳುವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ಚಿತ್ರ ಬರೆದು, ಫ್ರಾಂಚೆಸ್ಕೊ ರೆದಿ ಎಂಬ ಹಿರಿಯ ವಿಜ್ಞಾನಿಗೆ ಪತ್ರ ಕಳಿಸಿದ. ಬಡ ಹೆಂಗಸರು ತಮ್ಮ ಮಕ್ಕಳ ಕಜ್ಜಿಯಿಂದ ಸೂಜಿಯ ಮೊನೆಯಲ್ಲಿ ಏನನ್ನೋ ಕಿತ್ತು ತೆಗೆಯುವುದನ್ನು ಕಂಡದ್ದೇ ಈ ಶೋಧಕ್ಕೆ ದಾರಿ. ದೇಹದ ದ್ರವಗಳು ಕೆಟ್ಟದ್ದರಿಂದ ಕಜ್ಜಿ ಬರುತ್ತದೆ ಎಂದು ನಂಬಿದ್ದ ದೊಡ್ಡ ವೈದ್ಯರಿಗೆ ಈ ಪತ್ರ ಬೇಕಾಗಿರಲಿಲ್ಲ. ನೂರು ವರ್ಷ ಕಳೆದರೂ ವಾದ ಮುಗಿಯಲಿಲ್ಲ. 1812ರಲ್ಲಿ ಪ್ಯಾರಿಸ್ಸಿನಲ್ಲಿ ಗ್ಯಾಲೆ ಎಂಬಾತ ಕಜ್ಜಿಯ ಹುಳ ಕಂಡೆನೆಂದು ಪ್ರಬಂಧ ಬರೆದು ಹೆಸರು ಮಾಡಿದ. ಅವನು ಚಿತ್ರಿಸಿದ್ದು ಚೀಸಿನ ನುಸಿಯನ್ನು ಎಂದು ಆಮೇಲೆ ಹೊರಬಿತ್ತು. ಕೊನೆಗೆ 1834ರಲ್ಲಿ ರೆನುಚ್ಚಿ ಎಂಬ ಕಾರ್ಸಿಕಾ ದ್ವೀಪದ ವಿದ್ಯಾರ್ಥಿ ಪ್ಯಾರಿಸ್ಸಿನ ಆಸ್ಪತ್ರೆಯಲ್ಲಿ ಎಲ್ಲರ ಎದುರು ಸೂಜಿ ಹಿಡಿದು ನುಸಿಯನ್ನು ತೆಗೆದು ತೋರಿಸಿದ. ಅವನಿಗೆ ಆ ವಿದ್ಯೆ ಎಲ್ಲಿಂದ ಬಂತು? ತನ್ನ ಊರಿನ ಹೆಂಗಸರು ಮಾಡುವುದನ್ನು ನೋಡಿ ಕಲಿತಿದ್ದ. ಒಂದೂವರೆ ಶತಮಾನ ಸುತ್ತಿ ವಿಜ್ಞಾನ ಮತ್ತೆ ಅದೇ ಸೂಜಿಗೆ ಬಂದು ನಿಂತಿತ್ತು.

ಗಿನಿಪಿಗ್ಗಿನ ಕಥೆಯನ್ನೂ ಹೇಳಬೇಕಲ್ಲ. ಅದು ಗಿನಿಯದಲ್ಲ, ಹಂದಿಯೂ ಅಲ್ಲ. ಆಂಡಿಸ್ ಪರ್ವತದ ಜನ ಸಾವಿರಾರು ವರ್ಷಗಳಿಂದ ಅಡಿಗೆಮನೆಯ ಮೂಲೆಯಲ್ಲಿ ಸಾಕಿ ತಿನ್ನುತ್ತ ಬಂದ ದಂಶಕ. 16ನೇ ಶತಮಾನದಲ್ಲಿ ಯುರೋಪಿಗೆ ಬಂದು ಮುದ್ದಿನ ಪ್ರಾಣಿಯಾಯಿತು. 19ನೇ ಶತಮಾನದಲ್ಲಿ ಪ್ರಯೋಗಶಾಲೆ ಸೇರಿತು. 1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಸಾಬೀತುಪಡಿಸಿದ್ದು ಮುಖ್ಯವಾಗಿ ಗಿನಿಪಿಗ್‌ಗಳ ಮೇಲೆ. ಅಲ್ಲಿಂದ ಮುಂದೆ ಅದರ ಹೆಸರೇ ಒಂದು ರೂಪಕವಾಯಿತು. ಕನ್ನಡದಲ್ಲಿ ನಾವು 'ಪ್ರಯೋಗಪಶು' ಎನ್ನುತ್ತೇವೆ. ಬಲಿಪಶುವಿನ ಪಕ್ಕದಲ್ಲೇ ನಿಲ್ಲುವ ಪದ.

ನಮ್ಮ ದೇಶದಲ್ಲಿ ರೋಗಾಣುಗಳ ಅಧ್ಯಯನಕ್ಕೆ ಸರ್ಕಾರ ಕಟ್ಟಿದ ಮೊದಲ ಪ್ರಯೋಗಶಾಲೆ ಹುಟ್ಟಿದ್ದು ಈ ಪುಣೆಯಲ್ಲೇ. 1889ರ ಡಿಸೆಂಬರಿನಲ್ಲಿ, ಇಲ್ಲಿನ ಕಾಲೇಜ್ ಆಫ್ ಸೈನ್ಸಿನಲ್ಲಿ. ಹೆಸರು ಇಂಪೀರಿಯಲ್ ಬ್ಯಾಕ್ಟೀರಿಯಾಲಾಜಿಕಲ್ ಲ್ಯಾಬೊರೇಟರಿ. ಕೆಲಸ, ದನಕರುಗಳ ರೋಗ. ಆಲ್ಫ್ರೆಡ್ ಲಿಂಗಾರ್ಡ್ ಅದರ ಮೊದಲ ಮುಖ್ಯಸ್ಥ. ಜನ ತುಂಬಿದ ಊರಿನಲ್ಲಿ ದೊಡ್ಡರೋಗದಂಥ ಅಂಟುರೋಗಗಳ ಜೊತೆ ಆಟವಾಡುವುದು ಅಪಾಯ, ಸೆಕೆಯೂ ಹೆಚ್ಚು ಎಂದು 1893ರಲ್ಲಿ ಅದನ್ನು ಹಿಮಾಲಯದ ಮುಕ್ತೇಶ್ವರಕ್ಕೆ ಸಾಗಿಸಿದರು. ಅದೇ ಮುಂದೆ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯಾಗಿ ಬೆಳೆಯಿತು. ಪ್ರಯೋಗಶಾಲೆ ಹೊರಟುಹೋಯಿತು, ಮೂರೇ ವರ್ಷದಲ್ಲಿ ಪ್ಲೇಗು ಬಂತು.

1897ರ ಪುಣೆಯ ಪ್ಲೇಗನ್ನು ನಾವು ಇತಿಹಾಸದ ಪಾಠದಲ್ಲಿ ಓದಿದ್ದು ರಾಜಕೀಯವಾಗಿ: ಸೈನಿಕರು ಮನೆ ಮನೆ ನುಗ್ಗಿ ಶೋಧಿಸಿದ್ದು, ಜೂನ್ 22ರ ರಾತ್ರಿ ಗಣೇಶಖಿಂಡ್ ರಸ್ತೆಯಲ್ಲಿ ಚಾಪೇಕರ್ ಸಹೋದರರು ರ‍್ಯಾಂಡ್‌ಗೆ ಗುಂಡಿಟ್ಟದ್ದು. ಆದರೆ ಆ ಶೋಧದ ಹಿಂದೆ ಒಂದು ತಪ್ಪು ಎಣಿಕೆಯಿತ್ತು. ರೋಗ ಮನುಷ್ಯನ ಮೈಯಲ್ಲಿದೆ, ಬಟ್ಟೆಯಲ್ಲಿದೆ, ಮನೆಯ ಕೊಳೆಯಲ್ಲಿದೆ ಎಂದು ನಂಬಿ ಮನೆ ತೊಳೆದರು, ಸಾಮಾನು ಸುಟ್ಟರು, ಜನರನ್ನು ಎಳೆದೊಯ್ದರು. ಅದು ಇದ್ದದ್ದು ಇಲಿಯ ಚಿಗಟದಲ್ಲಿ. ಮರುವರ್ಷ, 1898ರಲ್ಲಿ, ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂ ಚಿಗಟವೇ ವಾಹಕವೆಂದು ತೋರಿಸಿದಾಗ ಹೆಚ್ಚಿನವರು ನಂಬಲಿಲ್ಲ.

ನಂಬಿಸಿದ್ದರಲ್ಲಿ ಗಿನಿಪಿಗ್ಗಿನ ಪಾಲು ದೊಡ್ಡದು. ಬೊಂಬಾಯಿಯಲ್ಲಿ ಗ್ಲೆನ್ ಲಿಸ್ಟನ್ ಎಂಬ ಸೇನಾ ವೈದ್ಯ ಅಲ್ಲಿನ ಪ್ರಾಣಿ ಉದ್ಯಾನದ ಗಿನಿಪಿಗ್‌ಗಳು ಪ್ಲೇಗಿನಿಂದ ಸತ್ತದ್ದನ್ನು ಪರೀಕ್ಷಿಸಿ, ಅವುಗಳ ಮೈಮೇಲೆ ಇಲಿಯ ಚಿಗಟಗಳು ಸೇರಿಕೊಂಡದ್ದನ್ನು ಕಂಡ. ಇಲಿಗಳು ಸತ್ತ ಮೇಲೆ ಹಸಿದ ಚಿಗಟಗಳು ಸಿಕ್ಕ ಮೈಗೆ ಹಾರುತ್ತವೆ! ಅಲ್ಲಿಂದ ಒಂದು ಉಪಾಯ ಹೊಳೆಯಿತು. 1905ರಿಂದ ಪರೇಲಿನ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದ ಪ್ಲೇಗ್ ಆಯೋಗ ಈ ಉಪಾಯವನ್ನು ಪದ್ಧತಿಯಾಗಿ ಮಾಡಿತು. ಪ್ಲೇಗು ಬಂದು ಜನ ಬಿಟ್ಟುಹೋದ ಮನೆಗಳೊಳಗೆ ಗಿನಿಪಿಗ್‌ಗಳನ್ನು ಬಿಡುವುದು. ಅವು ಓಡಾಡಿಕೊಂಡಿರುತ್ತವೆ. ಆಮೇಲೆ ಹಿಡಿದು ಮೈಮೇಲಿನ ಚಿಗಟಗಳನ್ನು ಎಣಿಸುವುದು. ಯಾವ ಗಿನಿಪಿಗ್ ಪ್ಲೇಗು ತಗುಲಿ ಸತ್ತಿತು ಎಂದು ಬರೆದಿಡುವುದು. ಇನ್ನು ಕೆಲವು ಪ್ರಯೋಗಗಳಲ್ಲಿ ಪ್ರಾಣಿಯ ಪಂಜರದ ಸುತ್ತ ಚಿಗಟ ಹಾರಿ ದಾಟಲಾರದಷ್ಟು ಅಗಲಕ್ಕೆ ಅಂಟು ಬಳಿದರು. ಅಂಟಿನೊಳಗಿನ ಪ್ರಾಣಿ ಬದುಕಿತು. ಗಾಳಿಯಿಂದ, ನೆಲದಿಂದ, ಕೊಳೆಯಿಂದ ಪ್ಲೇಗು ಬರುವುದಿಲ್ಲ ಎಂದು ಹೀಗೆ ಸಿದ್ಧವಾಯಿತು. ಪುಣೆಯಲ್ಲಿ ಮನೆ ಸುಡಿಸಿಕೊಂಡವರಿಗೆ ಈ ಸುದ್ದಿ ತಲುಪುವಷ್ಟರಲ್ಲಿ ಎಂಟು ಹತ್ತು ವರ್ಷ ದಾಟಿತ್ತು.

ಗಿನಿಪಿಗ್ಗಿನ ಚರ್ಮ, ನೋಡಿ, ಹೀಗೆ ಒಂದು ಬಲೆಯಾಗಿ ಭಾರತದ ಇತಿಹಾಸ ಸೇರಿತು. ಆ ಚರ್ಮಕ್ಕೆ ತನ್ನದೇ ನವೆ ಇದ್ದೀತು ಎಂದು ಯಾರಿಗೂ ಅನ್ನಿಸಿರಲಿಲ್ಲ.

ನವೆಯೇ ಒಂದು ವಿಷಯ ಎಂದು ಕಂಡುಕೊಂಡದ್ದು ಎರಡನೇ ಮಹಾಯುದ್ಧದ ಹೊತ್ತಿಗೆ. ಬ್ರಿಟನ್ನಿನಲ್ಲಿ ಕಜ್ಜಿ ಹಬ್ಬಿತ್ತು. ಸೈನ್ಯ ಲಕ್ಷಾಂತರ ಕಂಬಳಿಗಳನ್ನು ಕುದಿಸಿ ಶುದ್ಧ ಮಾಡುವುದರಲ್ಲಿ ಮುಳುಗಿತ್ತು. 1941ರಲ್ಲಿ ಕೆನೆತ್ ಮೆಲ್ಲನ್ಬಿ ಎಂಬ ಕೀಟಶಾಸ್ತ್ರಜ್ಞ ಶೆಫೀಲ್ಡಿನ ಒಂದು ಮನೆಯಲ್ಲಿ, ಯುದ್ಧಕ್ಕೆ ಹೋಗಲು ಆತ್ಮಸಾಕ್ಷಿ ಒಪ್ಪದ ಹತ್ತು ಹನ್ನೆರಡು ಯುವಕರನ್ನು ಇಟ್ಟುಕೊಂಡು ಪ್ರಯೋಗ ಆರಂಭಿಸಿದ. ಕಜ್ಜಿ ಹಿಡಿದ ಸೈನಿಕರ ಒಗೆಯದ ಒಳಉಡುಪು ತೊಟ್ಟು, ಅವರ ಕಂಬಳಿ ಹೊದ್ದು ಮಲಗುವುದು ಇವರ ಕೆಲಸ. ಹೆಚ್ಚುಕಡಿಮೆ ಯಾರಿಗೂ ಕಜ್ಜಿ ಬರಲಿಲ್ಲ. ಕಜ್ಜಿಯವರ ಪಕ್ಕದಲ್ಲಿ ಮೈಗೆ ಮೈ ತಾಗಿಸಿ ಮಲಗಿದಾಗ ಬಂತು. ಕಂಬಳಿ ಕುದಿಸಿದ್ದೆಲ್ಲ ದಂಡ. ಅವನು ಕಂಡ ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಮೊದಲ ಸಲ ನುಸಿ ಹತ್ತಿದವನಿಗೆ ಸುಮಾರು ಒಂದು ತಿಂಗಳು ನವೆಯೇ ಇಲ್ಲ. ನುಸಿ ಚರ್ಮದೊಳಗೆ ಸುರಂಗ ಕೊರೆಯುತ್ತ ಮೊಟ್ಟೆ ಇಡುತ್ತ ಹಾಯಾಗಿರುತ್ತದೆ. ಆಮೇಲೆ ನವೆ ಶುರು. ಗುಣವಾದವನಿಗೆ ಎರಡನೇ ಸಲ ಹತ್ತಿದರೆ ಒಂದೇ ದಿನದಲ್ಲಿ ನವೆ. ಕೆರೆದುಕೊಂಡು ನುಸಿಯನ್ನು ಕಿತ್ತೇ ಹಾಕುತ್ತಾನೆ. ಇಷ್ಟೆಲ್ಲ ಮಾಡುವ ನುಸಿಗಳಾದರೂ ಎಷ್ಟು? ಒಬ್ಬ ರೋಗಿಯ ಮೈಯಲ್ಲಿ ಸರಾಸರಿ ಹನ್ನೊಂದು ಬೆಳೆದ ಹೆಣ್ಣು ನುಸಿಗಳು. ತುರಿಕೆ ನುಸಿಯ ಹೆಜ್ಜೆಯಿಂದಲ್ಲ, ಅದರ ಉಗುಳು ಹಿಕ್ಕೆಗಳ ವಿರುದ್ಧ ನಮ್ಮ ಮೈ ಎಬ್ಬಿಸುವ ಗಲಾಟೆಯಿಂದ. ಮೆಲ್ಲನ್ಬಿ 1945ರಲ್ಲಿ ಈ ಕಥೆ ಬರೆದು ಪುಸ್ತಕಕ್ಕೆ 'ಹ್ಯೂಮನ್ ಗಿನಿಪಿಗ್ಸ್' ಎಂದೇ ಹೆಸರಿಟ್ಟ.

ಆ ಹೊತ್ತಿಗಾಗಲೇ ನಿಜವಾದ ಗಿನಿಪಿಗ್‌ಗಳು ಇದೇ ಮಾತನ್ನು ಹೇಳಿದ್ದವು. 1939ರಲ್ಲಿ ಅಮೆರಿಕದ ವಿಲಿಯಂ ಟ್ರೇಗರ್ ಗಿನಿಪಿಗ್‌ಗಳ ಮೈಗೆ ಉಣ್ಣೆಯ ಮರಿಗಳನ್ನು ಬಿಟ್ಟು ನೋಡಿದ. ಮೊದಲ ಸಲ ಮರಿಗಳು ಹೊಟ್ಟೆ ತುಂಬ ರಕ್ತ ಕುಡಿದು ಉದುರಿದವು. ಅದೇ ಗಿನಿಪಿಗ್‌ಗಳಿಗೆ ಎರಡನೇ ಸಲ ಬಿಟ್ಟಾಗ ಬಹುಪಾಲು ಮರಿಗಳಿಗೆ ರಕ್ತವೇ ಸಿಗಲಿಲ್ಲ. ಕಚ್ಚಿದ ಜಾಗ ಕೆಂಪಾಗಿ ಊದಿಕೊಂಡು ಮರಿಗಳು ಬರಿಹೊಟ್ಟೆಯಲ್ಲಿ ಕಳಚಿಕೊಂಡವು. ಚರ್ಮ ನೆನಪಿಟ್ಟುಕೊಂಡಿತ್ತು. ಬೇಸೊಫಿಲ್ ಎಂಬ ಬಿಳಿ ರಕ್ತಕಣಗಳು ಆ ಜಾಗಕ್ಕೆ ಮುತ್ತಿಗೆ ಹಾಕುತ್ತವೆ ಎಂಬುದು 1970ರ ದಶಕದಲ್ಲಿ ಗೊತ್ತಾಯಿತು. ಎಲ್ಲ ಪ್ರಾಣಿಗಳಲ್ಲೂ ಹೀಗಾಗುವುದಿಲ್ಲ. ಪ್ರಯೋಗಶಾಲೆಯ ಸಣ್ಣ ಇಲಿಗೆ ಈ ನೆನಪು ಬಹಳ ಮಂದ. ಗಿನಿಪಿಗ್‌ಗೆ ಚೆನ್ನಾಗಿದೆ.

ಇದನ್ನೆಲ್ಲ ಓದುತ್ತಿದ್ದ ದಿನಗಳಲ್ಲಿ ಒಂದು ಸಂಜೆ ಸ್ಟೇಷನ್ನಿನ ಕಡೆಯಿಂದ ಕ್ಯಾಂಪಿಗೆ ಡಾ. ಅಂಬೇಡ್ಕರ್ ರಸ್ತೆಯಲ್ಲಿ ನಡೆದು ಬರುತ್ತಿದ್ದೆ. 20-ಎ ನಂಬರಿನ ಕಾಂಪೌಂಡು ದಿನವೂ ಕಣ್ಣಿಗೆ ಬೀಳುವುದೇ. ರಾಷ್ಟ್ರೀಯ ವೈರಾಣು ಸಂಸ್ಥೆ. ಕೋವಿಡ್ ಕಾಲದಲ್ಲಿ ದೇಶಕ್ಕೆಲ್ಲ ಗೊತ್ತಾದ ಹೆಸರು. ನಮ್ಮ ಊರಿಗೆ ಅದಕ್ಕಿಂತ ಬಹಳ ಮೊದಲೇ ಗೊತ್ತಿತ್ತು. 'ಪೂನಾ' ಎಂಬ ಒಂದೇ ಪದದಲ್ಲಿ. ನಾನು ಹುಟ್ಟಿ ಬೆಳೆದದ್ದು ಸಾಗರ ತಾಲ್ಲೂಕಿನಲ್ಲಿ. "ರಕ್ತ ಪೂನಾಕ್ಕೆ ಹೋಗಿದೆ" ಅಂದರೆ ಆ ಮನೆಯಲ್ಲಿ ಯಾರಿಗೋ ಮಂಗನ ಕಾಯಿಲೆಯ ಶಂಕೆ ಎಂದರ್ಥ. ಮದುವೆಯಾಗಿ ಪುಣೆಗೆ ಹೋಗುತ್ತೇನೆ ಎಂದಾಗ ನಮ್ಮಜ್ಜಿ ಮೊದಲು ಕೇಳಿದ್ದೂ ಅದನ್ನೇ: "ರಕ್ತ ಕಳಿಸ್ತಾರಲ್ಲ, ಆ ಪೂನಾನೇನೆ?"

1952ರಲ್ಲಿ ಐಸಿಎಂಆರ್ ಮತ್ತು ರಾಕ್‌ಫೆಲರ್ ಪ್ರತಿಷ್ಠಾನ ಸೇರಿ ಇಲ್ಲಿ ವೈರಸ್ ರಿಸರ್ಚ್ ಸೆಂಟರ್ ಕಟ್ಟಿದವು. 1978ರಲ್ಲಿ ಈಗಿನ ಹೆಸರು ಬಂತು. ಐದು ವರ್ಷ ತುಂಬಿದ ಹೊತ್ತಿಗೆ, 1957ರ ಮಾರ್ಚಿನಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿವೆ, ಸುತ್ತಲಿನ ಹಳ್ಳಿಗಳಲ್ಲಿ ಜನರಿಗೆ ಜ್ವರ ಬರುತ್ತಿದೆ ಎಂಬ ಸುದ್ದಿ ಬಂತು. ಮಂಗಗಳು ಸಾಯುತ್ತವೆ, ಜನರೂ ಸಾಯುತ್ತಾರೆ ಎಂದರೆ ಹಳದಿ ಜ್ವರವೇ ಇರಬಹುದೆಂದು ವಿಜ್ಞಾನಿಗಳಿಗೆ ಗಾಬರಿ. ಆಫ್ರಿಕ, ದಕ್ಷಿಣ ಅಮೆರಿಕಗಳನ್ನು ಬಿಟ್ಟು ಏಷ್ಯಕ್ಕೆ ಆ ರೋಗ ಕಾಲಿಟ್ಟಿರಲಿಲ್ಲ. ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮತ್ತು ಪುಣೆಯ ಸಹೋದ್ಯೋಗಿಗಳು ಕಾಡಿಗೆ ಹೋಗಿ ಮಂಗಗಳಿಂದ, ರೋಗಿಗಳಿಂದ ಮಾದರಿ ತಂದು ನೋಡಿದರೆ ಅದು ಹಳದಿ ಜ್ವರವಲ್ಲ. ರಷ್ಯದ ಕಾಡುಗಳಲ್ಲಿ ಉಣ್ಣೆಯಿಂದ ಹರಡುವ ಮಿದುಳು ಜ್ವರದ ಹತ್ತಿರದ ನೆಂಟ, ಜಗತ್ತಿಗೆ ಹೊಸ ವೈರಸ್. ಕಾಡಿನ ಹೆಸರನ್ನೇ ಅದಕ್ಕೆ ಇಟ್ಟರು. ಹರಡುವುದು ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು. ದೊಡ್ಡ ಉಣುಗು ದನದ ಮೈಮೇಲೆ ಬೆಳೆಯುತ್ತದೆ; ಮನುಷ್ಯನಿಗೆ ಹತ್ತುವುದು ಕಣ್ಣಿಗೆ ಕಂಡೂ ಕಾಣದಂಥ ಅದರ ಮರಿ, ಬೇಸಗೆಯ ತರಗೆಲೆಯಲ್ಲಿ.

ಆ ತರಗೆಲೆ ನಮ್ಮ ಕೊಟ್ಟಿಗೆಗೆ, ಅಡಿಕೆ ತೋಟಕ್ಕೆ ಬೇಕೇ ಬೇಕು. ಅಜ್ಜ ಸಂಜೆ ದನದ ಕಿವಿ ಮಗುಚಿ ಉಣುಗು ಕಿತ್ತು ಸೀಮೆಎಣ್ಣೆ ಹಾಕಿದ ಕರಟಕ್ಕೆ ಉದುರಿಸುತ್ತಿದ್ದದ್ದು ನೆನಪಿದೆ. ನಮ್ಮ ಮೈಮೇಲೆ ಕಂಡರೆ ಅಜ್ಜಿ ಉಗುರಿನಲ್ಲಿ ಕೀಳುತ್ತಿದ್ದಳು. ಆಮೇಲೆ ಆ ಜಾಗ ವಾರಗಟ್ಟಲೆ ತುರಿಸುತ್ತಿತ್ತು. "ಕೆರೀಬ್ಯಾಡ" ಎಂದು ಬೈಸಿಕೊಂಡದ್ದು ಎಷ್ಟು ಸಲವೋ. ಉಣುಗು ಕಚ್ಚುವಾಗ ನೋವೇ ಆಗದ ಹಾಗೆ, ಕೆರೆತ ಬಾರದ ಹಾಗೆ ತನ್ನ ಉಗುಳಿನಲ್ಲಿ ಮದ್ದು ಬೆರೆಸಿರುತ್ತದೆ. ತಕ್ಷಣ ತುರಿಸಿದ್ದರೆ ಕಿತ್ತು ಬಿಸಾಡುತ್ತಿದ್ದೆವಲ್ಲ. 2021ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಒಂದು ಪ್ರಯೋಗ ಈ ಎಳೆಯನ್ನೇ ಹಿಡಿದದ್ದು. ಅಲ್ಲಿನ ಉಣ್ಣೆಯೊಂದರ ಉಗುಳಿನ 19 ಪ್ರೋಟೀನುಗಳಿಗೆ ಎಂಆರ್‌ಎನ್‌ಎ ಲಸಿಕೆ ಮಾಡಿ ಗಿನಿಪಿಗ್‌ಗಳಿಗೆ ಕೊಟ್ಟರು. ಉಣ್ಣೆ ಕಚ್ಚಿದ ಕೂಡಲೇ ಆ ಜಾಗ ಕೆಂಪೇರಿತು. ಉಣ್ಣೆಗಳು ಸರಿಯಾಗಿ ರಕ್ತ ಕುಡಿಯದೆ ಬೇಗ ಉದುರಿದವು. ಅವು ಹೊತ್ತಿದ್ದ ಲೈಮ್ ರೋಗಾಣು ದಾಟಲಿಲ್ಲ. ಟ್ರೇಗರನ ಗಿನಿಪಿಗ್‌ಗಳು ಎಂಬತ್ತು ವರ್ಷ ಮೊದಲು ತೋರಿಸಿದ್ದನ್ನೇ ಮಾಡಿಸಿದ ಲಸಿಕೆ. ಮಂಗನ ಕಾಯಿಲೆಯ ಉಣುಗಿಗೆ ಹೀಗೊಂದು ಆದೀತೇ ಎಂದು ನನಗೆ ಆಸೆ. 2016ರಲ್ಲಿ ಆ ಕಾಯಿಲೆ ಮಹಾರಾಷ್ಟ್ರದ ಸಿಂಧುದುರ್ಗಕ್ಕೂ ಬಂತು. ಪ್ರತಿ ಬೇಸಗೆಯೂ ಊರಿಗೆ ಫೋನು ಮಾಡುವಾಗ ಮೊದಲ ಪ್ರಶ್ನೆ ಈಗಲೂ ಅದೇ.

ಇಷ್ಟೆಲ್ಲ ಕಲಿಸಿದ ಚರ್ಮದ ಸ್ವಂತ ನುಸಿಗೆ ಹೆಸರು ಬಿದ್ದದ್ದು ಯಾವಾಗ? 1972ರಲ್ಲಿ! ಬೆಲ್ಜಿಯಂನ ನುಸಿತಜ್ಞ ಅಲೆಕ್ಸ್ ಫೈನ್ ಮತ್ತು ಇಂಗ್ಲೆಂಡಿನ ಇಬ್ಬರು ಸೇರಿ ಅದನ್ನು ಟ್ರಿಕ್ಸಾಕಾರಸ್ ಕೇವಿಯೇ ಎಂದು ವರ್ಣಿಸಿದರು. ಕಾಖ್‌ನಿಂದ ಲೆಕ್ಕ ಹಾಕಿದರೂ ತೊಂಬತ್ತು ವರ್ಷ ಪ್ರಯೋಗಶಾಲೆಯ ಪಂಜರದಲ್ಲೇ, ಮೈಕ್ರೋಸ್ಕೋಪಿನ ಪಕ್ಕದಲ್ಲೇ ಇದ್ದ ಪ್ರಾಣಿ. ದೀಪದ ಬುಡದಲ್ಲಿ ಕತ್ತಲೆ ಅಂದರೆ ಇದೇ. ನನಗನ್ನಿಸುವ ಕಾರಣ ಸರಳ: ಪ್ರಯೋಗದ ಗಿನಿಪಿಗ್ ಕೆರೆದುಕೊಂಡರೆ ಅದು ಕೆಟ್ಟ ಗಿನಿಪಿಗ್. ಅದನ್ನು ತೆಗೆದುಹಾಕಿ ಬೇರೆಯದನ್ನು ತರುತ್ತಾರೆ. ಒಂದೇ ಪ್ರಾಣಿಯನ್ನು ಗುಣಮಾಡಲೇಬೇಕು ಎಂದು ಹಟ ಹಿಡಿಯುವುದು ಅದಕ್ಕೆ ಹೆಸರಿಟ್ಟ ಮಕ್ಕಳು.

ಮದ್ದು ಬಂದದ್ದೂ ಸರಿಸುಮಾರು ಅದೇ ಕಾಲಕ್ಕೆ. ಕಜ್ಜಿಗೆ ಹಳೆಯ ಮದ್ದು ಗಂಧಕ. ಮನುಷ್ಯನಿಗೂ ಪ್ರಾಣಿಗೂ ಶತಮಾನಗಳಿಂದ ಅದೇ. 1970ರ ದಶಕದಲ್ಲಿ ಜಪಾನಿನ ಸತೋಶಿ ಒಮುರಾ, ಇತೊ ನಗರದ ಕವಾನಾದ ಗಾಲ್ಫ್ ಮೈದಾನದ ಹತ್ತಿರದಿಂದ ತಂದ ಮಣ್ಣಿನಲ್ಲಿ ಸ್ಟ್ರೆಪ್ಟೊಮೈಸಿಸ್ ಜಾತಿಯ ಒಂದು ಸೂಕ್ಷ್ಮಜೀವಿ ಸಿಕ್ಕಿತು. ಅಮೆರಿಕದಲ್ಲಿ ವಿಲಿಯಂ ಕ್ಯಾಂಪ್‌ಬೆಲ್ ಅದರಿಂದ ಹುಳುಗಳನ್ನು ಕೊಲ್ಲುವ ಔಷಧ ತೆಗೆದರು. ಐವರ್ಮೆಕ್ಟಿನ್. 1981ರಲ್ಲಿ ಪ್ರಾಣಿಗಳಿಗೆ ಬಂತು, 1987ರಿಂದ ಆಫ್ರಿಕದ ನದಿಕುರುಡಿಗೆ ಉಚಿತವಾಗಿ ಹಂಚತೊಡಗಿದರು, 2015ರಲ್ಲಿ ಇಬ್ಬರಿಗೂ ನೊಬೆಲ್. ನುಸಿ, ಹುಳುಗಳ ನರಗಳಲ್ಲಿರುವ ಒಂದು ಬಗೆಯ ಬಾಗಿಲನ್ನು ಅದು ತೆರೆದಿಟ್ಟುಬಿಡುತ್ತದೆ. ನುಸಿ ಪಾರ್ಶ್ವವಾಯು ಬಡಿದಂತೆ ಸಾಯುತ್ತದೆ. ಸಸ್ತನಿಗಳಲ್ಲಿ ಆ ಬಾಗಿಲಿಲ್ಲ. ಅದನ್ನು ಹೋಲುವವು ಮಿದುಳಿನಲ್ಲಿದ್ದರೂ ಮಿದುಳಿನ ರಕ್ಷಣಾಗೋಡೆ ಔಷಧವನ್ನು ಒಳಗೆ ಬಿಡುವುದಿಲ್ಲ. ಪ್ರಮಾಣ ಮೀರಿದರೆ ಗೋಡೆಯೂ ಸೋಲುತ್ತದೆ.

ಪ್ರಮಾಣದ ಲೆಕ್ಕವನ್ನು ಡಾಕ್ಟರು ಕಾಗದದ ಮೇಲೆ ಮಾಡಿ ತೋರಿಸಿದರು. ಕಡಲೆಯ ತೂಕ 860 ಗ್ರಾಂ. ಕಿಲೋಗೆ 0.2ರಿಂದ 0.4 ಮಿಲಿಗ್ರಾಂ ಎಂದರೆ ಇದಕ್ಕೆ ಕಾಲು ಮಿಲಿಗ್ರಾಂನ ಆಚೀಚೆ. ಅಂಗಡಿಯಲ್ಲಿ ಸಿಗುವ ಇಂಜೆಕ್ಷನ್ ದನ, ಕುರಿಗೆಂದು ಮಾಡಿದ್ದು. ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ. ಅಂದರೆ ಬೇಕಾದದ್ದು ಒಂದು ಮಿಲಿಲೀಟರಿನ ನೂರರಲ್ಲಿ ಎರಡು ಮೂರು ಪಾಲು, ಸೂಜಿಯ ಮೊನೆಯ ಒಂದು ತುಣುಕು ಹನಿ. ಕಣ್ಣಳತೆಯಲ್ಲಿ ಹಾಕಿದರೆ ಪ್ರಾಣಿ ಹೋಗುತ್ತದೆ. ಆದ್ದರಿಂದ ಅವರೇ ಕೊಟ್ಟರು. ಮೊಟ್ಟೆಗಳು ಈ ಮದ್ದಿಗೆ ಸಾಯುವುದಿಲ್ಲ; ಅವು ಒಡೆದು ಮರಿ ಬಂದ ಮೇಲೆ ಮತ್ತೆ ಕೊಡಬೇಕು. ಹೀಗೆ ಹತ್ತು ಹನ್ನೆರಡು ದಿನಕ್ಕೊಂದರಂತೆ ಮೂರು ಸಲ. ಒಂದಕ್ಕೆ ಬಂದರೆ ಜೊತೆಗಿದ್ದದ್ದಕ್ಕೂ ಕೊಡಬೇಕು, ಕೆರೆಯದಿದ್ದರೂ ಸರಿ; ಮೆಲ್ಲನ್ಬಿ ಹೇಳಿದ ಆ ನವೆಯಿಲ್ಲದ ತಿಂಗಳನ್ನು ನೆನಪಿಸಿಕೊಳ್ಳಿ. ಗೂಡಿನ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು, ಮರದ ಗೂಡನ್ನು ಎಸೆದೆವು. ಉಗುರು ಕತ್ತರಿಸಿದೆವು. ಬೇವಿನೆಣ್ಣೆ, ಹೊಂಗೆಯೆಣ್ಣೆ ಹಚ್ಚಲೇ ಎಂದು ಊರಿನ ಬುದ್ಧಿಯಿಂದ ಕೇಳಿದೆ. "ಅದು ಮೈಯೆಲ್ಲ ನೆಕ್ಕುತ್ತದೆ, ಮ್ಯಾಡಮ್, ಬೇಡ" ಎಂದರು. ದಿನಕ್ಕೊಂದು ತುಂಡು ದೊಣ್ಣೆ ಮೆಣಸಿನಕಾಯಿ, ಸ್ವಲ್ಪ ಸೀಬೆ. ನಮ್ಮ ಹಾಗೆಯೇ ಗಿನಿಪಿಗ್ಗಿನ ದೇಹಕ್ಕೂ ಸಿ ವಿಟಮಿನ್ ತಯಾರಿಸಲು ಬರುವುದಿಲ್ಲ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಖ್ ಬರೀ ಧಾನ್ಯ ತಿನ್ನಿಸಿದ ಗಿನಿಪಿಗ್‌ಗಳಿಗೆ ನಾವಿಕರ ಸ್ಕರ್ವಿ ಬಂದದ್ದನ್ನು ಕಂಡಾಗಲೇ ಈ ವಿಟಮಿನ್ನಿನ ಹುಡುಕಾಟಕ್ಕೆ ದಾರಿ ತೆರೆದದ್ದು. ಅದು ಕಡಿಮೆಯಾದ ಪ್ರಾಣಿಯ ಚರ್ಮ ನುಸಿಗೆ ಬೇಗ ಸೋಲುತ್ತದೆ. ಮೂರನೇ ವಾರಕ್ಕೆ ಕಡಲೆಯ ಬೆನ್ನಲ್ಲಿ ಪೀಚಿನ ಸಿಪ್ಪೆಯಂಥ ಹೊಸ ಕೂದಲು ಬಂತು.

ಹೆಸರಿನ ವಿಷಯ.

ಡಾಕ್ಟರ ಬಳಿಗೆ ಹೋಗುವ ಮುನ್ನ, ಪುಡಿ ಉದುರಿಸುತ್ತಿದ್ದ ದಿನಗಳಲ್ಲಿ, ಹೆಸರಿನ ಕುತ್ತಿಗೆಯಲ್ಲಿ ಕೆರೆದ ಗಾಯ ಕೀವಾಗಿತ್ತು. ಮನೆಯಲ್ಲಿ ಮಗಳಿಗೆ ಕೊಟ್ಟು ಉಳಿದ ಅಮಾಕ್ಸಿಸಿಲಿನ್ ಸಿರಪ್ ಇತ್ತು. ಮಕ್ಕಳಿಗೇ ಕೊಡುವ ಔಷಧ, ಎರಡು ಹನಿ ಏನು ಮಾಡೀತು ಎಂದು ಕುಡಿಸಿದೆ. ಎರಡು ದಿನ. ಮೂರನೇ ದಿನ ಭೇದಿ ಶುರುವಾಯಿತು, ತಿನ್ನುವುದು ಬಿಟ್ಟಿತು, ಐದನೇ ದಿನ ಬೆಳಿಗ್ಗೆ ಗೂಡಿನ ಮೂಲೆಯಲ್ಲಿ ತಣ್ಣಗಾಗಿತ್ತು. ನುಸಿ ತೋರಿಸಿದ ಡಾಕ್ಟರಿಗೆ ಇದನ್ನು ಹೇಳಿದಾಗ ಅವರು ಬೈಯಲಿಲ್ಲ. ಮೈಕ್ರೋಸ್ಕೋಪಿನ ಲೈಟು ಆರಿಸಿ, "ಪೆನಿಸಿಲಿನ್ ಜಾತಿಯ ಔಷಧ ಬಾಯಿಂದ ಇದಕ್ಕೆ ಕೊಡಲೇಬಾರದು" ಎಂದರು, ಅಷ್ಟೇ.

ಗಿನಿಪಿಗ್ಗಿನ ದೊಡ್ಡ ಕುರುಡುಕರುಳಿನಲ್ಲಿ ಹುಲ್ಲು ಅರಗಿಸುವ ಬ್ಯಾಕ್ಟೀರಿಯಗಳ ಒಂದು ಊರೇ ಇದೆ. ಪೆನಿಸಿಲಿನ್ ಆ ಊರನ್ನು ಬರಿದು ಮಾಡುತ್ತದೆ; ಖಾಲಿ ಜಾಗದಲ್ಲಿ ವಿಷ ಉಗುಳುವ ಕ್ಲಾಸ್ಟ್ರಿಡಿಯಂ ಬೆಳೆಯುತ್ತದೆ. ಇದು ಹೊಸ ಸಂಗತಿಯಲ್ಲ. 1943ರಲ್ಲೇ ಪ್ರಕಟವಾದದ್ದು. 1940ರ ಮೇ 25ರಂದು ಆಕ್ಸ್‌ಫರ್ಡಿನಲ್ಲಿ ಹೊವರ್ಡ್ ಫ್ಲೋರಿ ಎಂಟು ಇಲಿಗಳಿಗೆ ಮಾರಕ ರೋಗಾಣು ಚುಚ್ಚಿ ನಾಲ್ಕಕ್ಕೆ ಪೆನಿಸಿಲಿನ್ ಕೊಟ್ಟ. ಆ ನಾಲ್ಕೂ ಬದುಕಿದವು. ಅವನು ಇಲಿಯ ಬದಲು ಗಿನಿಪಿಗ್ ಆರಿಸಿಕೊಂಡಿದ್ದರೆ ಪೆನಿಸಿಲಿನ್ ವಿಷವೆಂದು ಅಲ್ಲಿಗೇ ಕೈಬಿಡುತ್ತಿದ್ದರೇನೋ ಎಂದು ಇತಿಹಾಸ ಬರೆಯುವವರು ಆಗಾಗ ಹೇಳುತ್ತಾರೆ. ಸ್ವತಂತ್ರ ಭಾರತ ತನ್ನ ಪೆನಿಸಿಲಿನ್ ತಾನೇ ಮಾಡಲು ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಕಾರ್ಖಾನೆ ಕಟ್ಟಿದ್ದು ಇಲ್ಲೇ ಪಿಂಪ್ರಿಯಲ್ಲಿ, 1954ರಲ್ಲಿ. ಕ್ಯಾಂಪಿನಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ. ಅದರ ಸಂಶೋಧನಾ ವಿಭಾಗವನ್ನು ನಡೆಸಿದ ಮಂಡಯಂ ತಿರುಮಲಾಚಾರ್, ಪಿಂಪ್ರಿಯ ಹೆಸರನ್ನೇ ಹೊತ್ತ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾದಿಂದ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕ ತೆಗೆದರು. ಡರ್ಮೊಸ್ಟಾಟಿನ್ ಎಂಬ ಚರ್ಮದ ಔಷಧವೂ ಅವರದೇ. ಒಮುರಾ ಕವಾನಾದ ಮಣ್ಣಿನಲ್ಲಿ ಹುಡುಕಿದ್ದೂ ಇದೇ ಕುಲದ ಜೀವಿಯನ್ನು. ಗಿನಿಪಿಗ್‌ಗಳ ಕೂದಲು ಉದುರಲು ನುಸಿಯಷ್ಟೇ ಸಾಮಾನ್ಯವಾದ ಇನ್ನೊಂದು ಕಾರಣ ಹುಳುಕಡ್ಡಿ, ಅಂದರೆ ಶಿಲೀಂಧ್ರವೇ. ಅದಕ್ಕೇ ಡಾಕ್ಟರು ಮೊದಲು ಕೆರೆದು ನೋಡಿದ್ದು. ನೋಡದೆ ಮದ್ದು ಕೊಡಲಿಲ್ಲ.

ಈ ಕಾರ್ಖಾನೆಯ ಮಾತನ್ನು ಮಗಳಿಗೆ ಹೇಳಿರಲಿಲ್ಲ. ಹೆಸರು ಯಾಕೆ ಸತ್ತಿತು ಎಂಬುದನ್ನು ಹೇಳಿದ್ದೇನೆ. ಎರಡು ದಿನ ಮಾತಾಡಲಿಲ್ಲ ಅವಳು. ಮೂರನೇ ಡೋಸಿನ ದಿನ ಅಡಿಗೆಮನೆಯ ತಕ್ಕಡಿಯ ಮೇಲೆ ಬಟ್ಟಲಿಟ್ಟು, ಬಟ್ಟಲಲ್ಲಿ ಕಡಲೆಯನ್ನು ಕೂರಿಸಿ, "ಅಮ್ಮ, 912" ಎಂದು ಕೂಗಿ ಹೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಔಷಧದ ಡಬ್ಬಿಯ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಅವಳ ಕೈಬರಹದ ಒಂದು ಚೀಟಿ ಈಗಲೂ ಅಂಟಿಕೊಂಡಿದೆ: ಕಡಲೆಗೆ ಇದು ಕೊಡಬೇಡ.